ಕುರ್ಚಿ ಕಾಲಿನ ಕೂಸು

ಈಜಿಪ್ಟಿನ ದುಮ್ಯಾತ್ ಊರಿನ ಬಡಗಿಗಳ ಗಲ್ಲಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಏಳನೇ ದಿನ ಬದ್ರಿಯಾಗೆ ಕರೆ ಹೋಗಲೇಬೇಕು. ಅವಳು ತನ್ನ ಹಿತ್ತಾಳೆ ಕುಟ್ಟಾಣಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಂದು, ಜರಡಿಯಲ್ಲಿ ಮಲಗಿಸಿದ ಕೂಸಿನ ಕಿವಿಯ ಪಕ್ಕ ಅದನ್ನು ಢಣಢಣ ಕುಟ್ಟಿ, "ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ" ಎಂದು ಗಂಟಲು ಹರಿಯುವಂತೆ ಕೂಗಬೇಕು. ಕೂಸು ಬೆಚ್ಚಿ ಕೈಕಾಲು ಒದರುತ್ತದೆ. ಹೆಂಗಸರು ಕೇಕೆ ಹಾಕುತ್ತಾರೆ, ತಾಯಿ ಜರಡಿಯನ್ನು ಏಳು ಸಲ ದಾಟುತ್ತಾಳೆ, ಮಕ್ಕಳು ಮೇಣದಬತ್ತಿ ಹಿಡಿದು ಮನೆಯೆಲ್ಲ ಸುತ್ತುತ್ತಾರೆ. ಈ ಸುಬೂ ಶಾಸ್ತ್ರ ಆಗುವವರೆಗೆ ಕೂಸು ಇನ್ನೂ ಬಾಗಿಲಲ್ಲೇ ನಿಂತ ನೆಂಟ, ಒಳಗೆ ಬರುತ್ತದೋ ವಾಪಸು ಹೋಗುತ್ತದೋ ಹೇಳಲಾಗದು. ಜಗತ್ತಿನ ಗದ್ದಲಕ್ಕೆ ಅದು ಹೆದರದಿರಲಿ ಎಂದೇ ಈ ಕುಟ್ಟಾಟ. ಮೂವತ್ತು ವರ್ಷದಿಂದ ಗಲ್ಲಿಯ ಅರ್ಧದಷ್ಟು ಜನರ ಕಿವಿಯನ್ನು ತಾನೇ ತೆರೆಸಿದ್ದು ಎಂಬ ಜಂಭ ಬದ್ರಿಯಾಗೆ ಇತ್ತು, ಆ ಜಂಭವನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ.

ಅಂಥವಳ ಸ್ವಂತ ಮನೆಯಲ್ಲಿ ಗಂಡು ಮೊಮ್ಮಗ ಹುಟ್ಟಿದರೆ ಅವಳನ್ನು ಹಿಡಿಯುವವರು ಯಾರು? ಮಗ ಸಮೀಹ್ ಲೇತಿನ ಮೇಲೆ ಕುರ್ಚಿ ಕಾಲು ಕಡೆಯುವ ಕೆಲಸದವನು. ಸೊಸೆ ವಫಾ. ಮೊದಲ ಮಗಳು ರಿತಾಜಳಿಗೆ ನಾಲ್ಕೂವರೆ ವರ್ಷ. ಅವಳ ಬೆನ್ನಿಗೆ ಈ ಗಂಡು. ಹೆಸರು ಇನ್ನೂ ಗೊತ್ತು ಮಾಡಿರಲಿಲ್ಲ, ಏಳನೇ ದಿನ ಇಡೋಣ ಎಂದಿದ್ದರು. ಅಲ್ಲಿಯವರೆಗೆ ರಿತಾಜ್ ಕರೆದ ಹೆಸರೇ ಗಟ್ಟಿಯಾಯಿತು: ನೂನು. ಬಾದಾಮಿ, ಕಡಲೆ, ಸಕ್ಕರೆ ಗುಳಿಗೆ ತುಂಬಿದ ನೂರು ಪುಟ್ಟ ಚೀಲಗಳಿಗೆ ನೀಲಿ ದಾರ ಕಟ್ಟಿದ್ದಾಯಿತು. ಕುಟ್ಟಾಣಿಯನ್ನು ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಬದ್ರಿಯಾ ಅದರಲ್ಲಿ ತನ್ನ ಮುಖ ನೋಡಿಕೊಂಡಳು.

ನಾಲ್ಕನೇ ದಿನ ಅವಳು ಅಡಿಗೆಮನೆಯಲ್ಲಿ ಬಾಣಂತಿಗೆ ತುಪ್ಪದ ಬಿಸಿ ಪಾನಕವನ್ನು ಒಲೆಯ ಮೇಲೆ ಕದಡುತ್ತಿದ್ದಾಗ ಒಳಕೋಣೆಯಿಂದ ಢಣ್ ಎಂದಿತು. ಓಡಿ ಹೋಗಿ ನೋಡಿದರೆ ರಿತಾಜ್ ತೊಟ್ಟಿಲ ಪಕ್ಕ ಕೂತು, ಎರಡೂ ಕೈಯಲ್ಲಿ ಕೋಲು ಹಿಡಿದು ಕುಟ್ಟಾಣಿ ಕುಟ್ಟುತ್ತಿದ್ದಾಳೆ. ತಲೆಯ ಮೇಲೆ ಅಜ್ಜಿಯ ಕರಿ ವಸ್ತ್ರ.

"ಬಿಡೇ ಅದನ್ನ!" ಎಂದು ಬದ್ರಿಯಾ ಕಿರುಚಿದಳು. "ದಿನ ತುಂಬೋ ಮುಂಚೆ ಯಾರಾದ್ರೂ ಕುಟ್ತಾರಾ? ಅಪಶಕುನ! ನೂನು ಉಳೀಬೇಕೋ ಬೇಡ್ವೋ ನಿಂಗೆ?"

ಕುಟ್ಟಾಣಿ ಕಸಿದುಕೊಂಡಳು, ಕೈಗೊಂದು ಪೆಟ್ಟು ಕೊಟ್ಟಳು, ಪಾನಕ ತಳ ಹಿಡಿಯುತ್ತದೆಂದು ವಾಪಸು ಓಡಿದಳು. ಸಂಜೆಯ ಹೊತ್ತಿಗೆ ಅವಳಿಗೆ ಇದರ ನೆನಪೂ ಇರಲಿಲ್ಲ. ಬೈಯುವುದು ಅವಳಿಗೆ ಉಸಿರಾಡಿದಷ್ಟು ಸಲೀಸು, ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಆರನೇ ದಿನ ಬೆಳಿಗ್ಗೆ ಹಾಲು ಕುಡಿಯುತ್ತಿದ್ದ ಹಾಗೆಯೇ ಕೂಸಿನ ತುಟಿ ನೀಲಿಯಾಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಟ್ಟುತ್ತಲೇ ಹೃದಯದಲ್ಲಿ ತೂತಿತ್ತು, ಯಾರೂ ಏನೂ ಮಾಡುವ ಹಾಗಿರಲಿಲ್ಲ, ಎಂದರು ಡಾಕ್ಟರು. ಅದೇ ದಿನ ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿ ಬಂದರು. ನೀಲಿ ದಾರದ ಚೀಲಗಳನ್ನು ಸಮೀಹ್ ಗೋಣಿಗೆ ತುಂಬಿ ಅನಾಥ ಮಕ್ಕಳಿಗೆ ಕೊಟ್ಟು ಬಂದ. ವಫಾ ಒಳಕೋಣೆ ಸೇರಿದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ನೂನು ಎಲ್ಲಿ?" ಎಂದು ರಿತಾಜ್ ಕೇಳಿದಳು.

ಸತ್ತ ಎಳೆ ಮಕ್ಕಳ ಬಗ್ಗೆ ಎಲ್ಲರೂ ಹೇಳುವುದನ್ನೇ ಬದ್ರಿಯಾ ಹೇಳಿದಳು. "ಸ್ವರ್ಗದಲ್ಲಿ ಹಕ್ಕಿ ಆಗಿದಾನೆ, ಕಂದಾ."

ಸಮೀಹ್ ತಾರಸಿಯ ಮೇಲೆ ಪಾರಿವಾಳ ಸಾಕಿದ್ದ. ಸಂಜೆ ಅವನು ಡಬ್ಬ ಬಡಿದರೆ ಹಿಂಡು ಹಿಂಡಾಗಿ ಎದ್ದು ಹಾರುತ್ತಿದ್ದವು. ಅದನ್ನು ನೆನೆದು ರಿತಾಜ್ ಅಜ್ಜಿಯನ್ನು ಕೇಳಿದಳು: "ಸದ್ದು ಮಾಡಿದ್ರೆ ಹಕ್ಕಿ ಹಾರಿ ಹೋಗುತ್ತೆ ಅಲ್ವಾ, ತೇತಾ?"

ಬದ್ರಿಯಾ ಅಕ್ಕಿ ಆರಿಸುತ್ತಿದ್ದಳು. "ಹೂಂ ಮತ್ತೆ, ಹಾರದೆ ಇರುತ್ತಾ?" ಎಂದಳು. ಮಕ್ಕಳ ಪ್ರಶ್ನೆಗೆ ಹೂಂಗುಟ್ಟುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

ಹದಿನೈದು ದಿನ ಕಳೆದ ಮೇಲೆ ಆಟ ಶುರುವಾಯಿತು. ಅಪ್ಪನ ಕೆಲಸದ ಜಾಗದಿಂದ ರಿತಾಜ್ ಒಂದು ಮುರುಕಲು ಕುರ್ಚಿ ಕಾಲು ತಂದಿದ್ದಳು. ಒಂದು ತುದಿಯಲ್ಲಿ ಗುಂಡಗೆ ಕಡೆದ ಗಂಟು, ಕೆಳಗೆ ಸಣ್ಣಗಾಗಿ ಇಳಿದ ಮೈ, ಸೀಳು ಬಿದ್ದದ್ದಕ್ಕೆ ಎಸೆದದ್ದು. ಅದಕ್ಕೆ ಪಾತ್ರೆ ಒರೆಸುವ ಬಟ್ಟೆ ಸುತ್ತಿ ಜರಡಿಯಲ್ಲಿ ಮಲಗಿಸಿದಳು. ಕುಟ್ಟಾಣಿಯನ್ನು ಎಳೆದುಕೊಂಡು ಬಂದು ಪಕ್ಕದಲ್ಲಿಟ್ಟಳು. ಆದರೆ ಕುಟ್ಟಲಿಲ್ಲ. ಕೋಲನ್ನು ಒಳಗೆ ಮೆಲ್ಲಗೆ, ಸದ್ದಾಗದಂತೆ ಇಳಿಸಿ ಮೇಲೆತ್ತುವಳು. ಆಮೇಲೆ ಎದ್ದು ಜರಡಿ ದಾಟುವಳು. ಒಂದು, ಎರಡು, ಮೂರು ಎಂದು ಆರರವರೆಗೆ ಎಣಿಸಿ, ಅಲ್ಲಿಗೆ ನಿಲ್ಲಿಸಿ, ಕುರ್ಚಿ ಕಾಲನ್ನು ಎತ್ತಿ ಎದೆಗೆ ಒತ್ತಿಕೊಂಡು ಏನೋ ಪಿಸುಗುಟ್ಟುವಳು. ಮತ್ತೆ ಮಲಗಿಸಿ ಒಂದರಿಂದ ಶುರು. ಮಧ್ಯಾಹ್ನ ಪೂರ್ತಿ ಇದೇ.

ಅಜ್ಜಿಗೆ ಅದನ್ನು ನೋಡಲಾಗುತ್ತಿರಲಿಲ್ಲ, ಆದರೂ ಒಂದು ವಾರ ಆಡಲು ಬಿಟ್ಟಳು. ಒಂದು ದಿನ ಎದುರು ಮನೆಯ ಉಮ್ಮ್ ಹಿಷಾಮ್ ಬಂದು ನೋಡಿದಳು. ಹಿಷಾಮನ ಈ ತಾಯಿಗೆ ಗಲ್ಲಿಯ ಕೆಟ್ಟ ಸುದ್ದಿಯೆಲ್ಲ ಎಲ್ಲರಿಗಿಂತ ಒಂದು ಗಳಿಗೆ ಮೊದಲೇ ಗೊತ್ತಾಗುತ್ತದೆ, ಇಲ್ಲದಿದ್ದರೆ ಅವಳೇ ಹುಟ್ಟಿಸುತ್ತಾಳೆ.

"ಅಯ್ಯೋ ಹಾಗ್ಗಾ, ಇದೇನಿದು!" ಎಂದು ಅವಳು ಎದೆ ಬಡಿದುಕೊಂಡಳು. ಬದ್ರಿಯಾ ಹಜ್ ಮಾಡಿದವಳಲ್ಲ, ವಯಸ್ಸಿಗೆ ಮರ್ಯಾದೆ ಕೊಟ್ಟು ಎಲ್ಲರೂ ಹಾಗೆ ಕರೆಯುವುದು. "ಸತ್ತ ಕೂಸಿಗೆ ಸುಬೂ ಮಾಡ್ತಿದಾಳಲ್ಲ! ಮನೇಲಿ ಬಾಣಂತಿ ಇದಾಳೆ, ಮುಂದೆ ಹುಟ್ಟೋದೂ ಇದೆ. ಸಾವನ್ನ ಕೂಗಿ ಕರೆದ ಹಾಗಾಯ್ತು. ನಾನಾಗಿದ್ರೆ ಕೈ ಮುರೀತಿದ್ದೆ."

"ನಿನ್ ಕೈ ಎಲ್ಲೆಲ್ಲಿ ಆಡುತ್ತೆ ನಂಗೊತ್ತು, ನಡಿ ಮನೇಗೆ," ಎಂದು ಬದ್ರಿಯಾ ಅವಳನ್ನು ಹೊರಡಿಸಿದಳು. ಆದರೆ ಮಾತು ಒಳಗೆ ಹೊಕ್ಕಿತ್ತು. ಅಪಶಕುನದ ಮಾತು ಬಾಗಿಲಿಂದ ಹೊರಗೆ ಹಾಕಿದರೆ ಹೋಗುವಂಥದ್ದಲ್ಲ. ಅವಳು ಜರಡಿಯನ್ನು ಗೋಡೆಗೆ ತೂಗುಹಾಕಿದಳು, ಕುಟ್ಟಾಣಿಯನ್ನು ಬೀರುವಿನ ಮೇಲಿಟ್ಟಳು, ಕುರ್ಚಿ ಕಾಲನ್ನು ರಿತಾಜಳ ಕಂಕುಳಿಂದ ಎಳೆದು ಸಮೀಹನ ಕೈಗೆ ಕೊಟ್ಟು, "ಇದನ್ನ ಒಯ್ದು ಬಿಸಾಕು" ಎಂದಳು. ಅವನು ತಾಯಿಯ ಮಾತು ಮೀರಿದವನಲ್ಲ. ಅವನ ಕೆಲಸದ ಜಾಗದಲ್ಲಿ ಚೂರುಪಾರು ಕಟ್ಟಿಗೆಯೆಲ್ಲ ಅಂಟು ಕಾಯಿಸುವ ಒಲೆಗೆ ಹೋಗುತ್ತದೆ, ಇದೂ ಹೋಯಿತು.

ರಿತಾಜ್ ಅಳಲಿಲ್ಲ, ಹಟ ಮಾಡಲಿಲ್ಲ. ಅದನ್ನೇ ಬದ್ರಿಯಾ ಒಳ್ಳೆಯ ಲಕ್ಷಣ ಎಂದುಕೊಂಡಳು. ಎಂಥ ದಡ್ಡತನ!

ಆಮೇಲೆ ಹುಡುಗಿ ಮಾತಾಡುವುದನ್ನು ಒಂದೊಂದೇ ಬಿಟ್ಟಳು. ಮೊದಲು ಹಾಡು ಹೋಯಿತು, ಆಮೇಲೆ ಪ್ರಶ್ನೆಗಳು ಹೋದವು, ಉಳಿದದ್ದು ಹೂಂ, ಉಹೂಂ. ಮೂರು ವರ್ಷಕ್ಕೇ ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಯಿತು. ಬಾಗಿಲು ಬಡಿದುಕೊಂಡರೆ, ಪಾತ್ರೆ ಬಿದ್ದರೆ, ಎರಡೂ ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯುತ್ತಿದ್ದಳು. ತಾರಸಿಯ ಮೇಲೆ ಸಮೀಹ್ ಡಬ್ಬ ಬಡಿಯುವ ಹೊತ್ತಿಗೆ ಮಂಚದ ಕೆಳಗೆ ಹೋಗಿ ಮಲಗುತ್ತಿದ್ದಳು. ಬದ್ರಿಯಾ ಕುರಾನಿನ ಸಾಲು ಓದಿ ಊದಿದಳು, ದೃಷ್ಟಿ ತೆಗೆಯಲು ಸಾಂಬ್ರಾಣಿ ಹೊಗೆ ಹಾಕಿದಳು. ಹೊಗೆಗೆ ಹುಡುಗಿ ಕೆಮ್ಮಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಕೊನೆಗೆ ಶಿಶುವಿಹಾರದಿಂದ ಕರೆ ಬಂತು. ಅಲ್ಲಿಯ ಟೀಚರು ಮಿಸ್ ಅವಾತಿಫ್, ಮೂವತ್ತರ ಹೆಂಗಸು, ಯಾವಾಗಲೂ ತೋಳಿಗೆಲ್ಲ ಬಣ್ಣ ಮೆತ್ತಿಕೊಂಡಿರುವವಳು. ಬದ್ರಿಯಾ ಹೋದಾಗ ಹತ್ತು ಹನ್ನೆರಡು ಮಕ್ಕಳು ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಸಾಲಾಗಿಟ್ಟು ದೋಣಿ ಮಾಡಿಕೊಂಡು ಮೀನು ಹಿಡಿಯಲು ಹೊರಟಿದ್ದವು. ಒಬ್ಬ ಸಮುದ್ರಕ್ಕೆ ಬಿದ್ದಿದ್ದ, ಇಬ್ಬರು ಅವನನ್ನು ಕಾಲು ಹಿಡಿದು ಎಳೆಯುತ್ತಿದ್ದರು. ರಿತಾಜ್ ಗೋಡೆಗೆ ಒರಗಿ ತನ್ನ ಚಪ್ಪಲಿ ನೋಡುತ್ತ ಕೂತಿದ್ದಳು.

"ಒಂದು ತಿಂಗಳಿಂದ ಹೀಗೇ, ಹಾಗ್ಗಾ," ಎಂದಳು ಟೀಚರು. "ಮೊದ್ಲು ಇಡೀ ದೋಣಿಗೆ ಇವಳೇ ಕ್ಯಾಪ್ಟನ್ನು. ಮನೇಲಿ ಆಡ್ತಾಳಾ?"

"ಆಡ್ತಿದ್ಲು. ನಾನೇ ಬಿಡಿಸ್ದೆ."

"ಏನಾಡ್ತಿದ್ಲು?"

ಬದ್ರಿಯಾ ಮೊದಲು ತೊದಲಿದಳು, ಆಮೇಲೆ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದ ಮೇಲೆ ಟೀಚರ ಮುಖ ನೋಡಿ ಸಿಟ್ಟೂ ಬಂತು. "ಹಂಗ್ ನೋಡ್ಬೇಡಮ್ಮಾ ನೀನು. ನಾನೂ ಐದು ಮಕ್ಕಳನ್ನ ಸಾಕಿ ಬೆಳೆಸ್ದೋಳು. ಮನೇಲಿ ದಿನಾ ಸಾವಿನ ಆಟ ಆಡಿಸ್ಬೇಕಿತ್ತಾ?"

"ಸಾವಿನ ಆಟ ಎಲ್ಲಿ ಆಡಿದ್ಲು? ಸುಬೂ ಆಟ ಅಲ್ವಾ? ಗಲ್ಲೀಲಿ ಎಲ್ರ ಮಕ್ಕಳಿಗೂ ನೀವು ಮಾಡಿದ್ರಿ, ಅವಳ ತಮ್ಮಂಗೆ ಮಾಡ್ಲಿಲ್ಲ. ಅದಕ್ಕೇ ಅವಳು ಮಾಡ್ತಿದ್ಲು."

ಬದ್ರಿಯಾ ತಿರುಗಿ ಮೊಮ್ಮಗಳನ್ನು ನೋಡಿದಳು.

"ಹೊಟ್ಟೇಲಿರೋದನ್ನ ನಾವು ದೊಡ್ಡೋರು ಮಾತಲ್ಲಿ ಹೇಳ್ತೀವಿ," ಎಂದಳು ಟೀಚರು, ದನಿ ತಗ್ಗಿಸಿ. "ಈ ವಯಸ್ಸಿಗೆ ಅಷ್ಟು ಮಾತು ಎಲ್ಲಿರುತ್ತೆ ಹೇಳಿ. ಆಡಿ ನೋಡ್ತಾರೆ. ನೋಡಿ, ಆ ಸಮುದ್ರಕ್ಕೆ ಬಿದ್ದಿದಾನಲ್ಲ, ಅವನಿಗೆ ಹೋದ ವರ್ಷ ಹೊಟ್ಟೆ ಆಪರೇಷನ್ ಆಯ್ತು. ಬಂದೋನು ತಿಂಗಳಿಡೀ ನಮ್ಮೆಲ್ಲರ ಹೊಟ್ಟೆ ಕುಯ್ದ. ನಂದೂ ಕುಯ್ದ, ಆಯಮ್ಮಂದೂ ಕುಯ್ದ. ಆಮೇಲೆ ಒಂದಿನ ಸಾಕಾಯ್ತು, ಬಿಟ್ಟ. ಹೆದರಿಸಿದ್ದನ್ನ ಅವ್ರು ಹತ್ತು ಸಲ ಆಡ್ತಾರೆ, ಹಾಗ್ಗಾ. ಪ್ರತೀ ಸಲಾನೂ ಅದು ಒಂಚೂರು ಚಿಕ್ಕದಾಗುತ್ತೆ. ನಮ್ ಕೈಲಿ ಆಗದೇ ಇರೋದು ಅದು."

"ಈಗೇನ್ ಮಾಡ್ಲಿ?"

"ವಾಪಸ್ ಕೊಟ್ಟುಬಿಡಿ. ಆಮೇಲೆ ಸುಮ್ನಿರಿ."

ವಾಪಸು ಕೊಡುವುದು! ಅಂದು ಮಧ್ಯಾಹ್ನವೇ ಬದ್ರಿಯಾ ಜರಡಿ ಇಳಿಸಿದಳು, ಕುಟ್ಟಾಣಿ ಇಳಿಸಿದಳು, ಮೇಣದಬತ್ತಿ ತಂದಳು. ರಿತಾಜಳಿಗೆ ಪ್ರಾಣವಾದ, ಪಾಕ ಸೋರುವ ಸುರುಳಿ ಮಿಷಬ್ಬಿಕ್ ಕಟ್ಟಿಸಿಕೊಂಡು ಬಂದಳು. "ಆಡು ಕಂದಾ, ತೇತಾ ಬೈಯಲ್ಲ," ಎಂದಳು. ಹುಡುಗಿ ಮಿಷಬ್ಬಿಕ್ ತಿಂದಳು, ಕೈ ತೊಳೆದಳು, ಹೋಗಿ ಗೋಡೆಗೆ ಒರಗಿ ಕೂತಳು. ಮರುದಿನವೂ ಹಾಗೆಯೇ. ಮೂರನೇ ದಿನ ಬದ್ರಿಯಾ ತಾನೇ ಜರಡಿ ದಾಟಿ ತೋರಿಸಿದಳು. ಮಂಡಿ ಹಿಡಿದುಕೊಂಡಿತು, ಗೋಡೆ ಹಿಡಿದು ನಿಂತಳು, ಹುಡುಗಿ ನಗಲೂ ಇಲ್ಲ. "ಆಡೇ ಅಂದ್ರೆ ಆಡ್ಬೇಕು!" ಎಂದು ಒಮ್ಮೆ ಗದರಿಯೂಬಿಟ್ಟಳು. ಗದರಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ನಾಚಿಕೆಯಾಯಿತು. ಮಗುವನ್ನು ಹೆದರಿಸಿ ಉಣ್ಣಿಸಬಹುದು, ಮಲಗಿಸಬಹುದು, ಆಡಿಸಲಾಗದು.

ಕುರ್ಚಿ ಕಾಲು ಇಲ್ಲದ್ದೇ ಕೊರತೆ ಎಂದುಕೊಂಡು ಅವಳು ಮಗನ ಬೆನ್ನು ಹತ್ತಿದಳು. "ಅಮ್ಮಾ, ಅದು ಒಲೆಗೆ ಹೋಗಿ ಎಷ್ಟು ದಿನ ಆಯ್ತು!" ಎಂದ ಸಮೀಹ್. ಆದರೆ ಆ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅವನೊಬ್ಬನೇ ಕೂತು ಒಳ್ಳೆಯ ಬೀಚ್ ಮರದಲ್ಲಿ ಹೊಸದೊಂದು ಕಡೆದ. ಅದೇ ಗುಂಡು ಗಂಟು, ಅದೇ ಇಳಿಜಾರು ಮೈ. ಮಗಳ ಕೈಗೆ ಚೂರು ಚುಚ್ಚಬಾರದೆಂದು ಮರಳು ಕಾಗದದಲ್ಲಿ ಉಜ್ಜಿ, ಮೂರು ಸಲ ಪಾಲಿಶ್ ಎಳೆದ. ದೊಡ್ಡ ಮನೆಗಳ ಊಟದ ಕುರ್ಚಿಗೂ ಅವನು ಅಷ್ಟು ಮುತುವರ್ಜಿ ವಹಿಸಿದವನಲ್ಲ. ತಂದು ಮಗಳ ಮುಂದೆ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

"ತಗೋ. ನಿನ್ ನೂನು."

ರಿತಾಜ್ ಅದನ್ನು ತಿರುಗಿಸಿ ನೋಡಿದಳು. ಅಪ್ಪನ ಮುಖ ನೋಡಿದಳು.

"ಇದು ಕುರ್ಚಿ ಕಾಲು, ಬಾಬಾ," ಎಂದಳು.

ಎಷ್ಟೋ ದಿನಗಳ ನಂತರ ಅವಳ ಬಾಯಿಂದ ಬಂದ ಪೂರ್ತಿ ವಾಕ್ಯ ಅದು. ಸಮೀಹ್ ಎದ್ದು ತಾರಸಿಗೆ ಹೋದ. ಆ ದಿನ ಅವನು ಡಬ್ಬ ಬಡಿಯಲಿಲ್ಲ, ಪಾರಿವಾಳಗಳು ಗೂಡಲ್ಲೇ ಉಳಿದವು. ಬದ್ರಿಯಾ ಕುರ್ಚಿ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಟ್ಟಿಗೆಯ ತುಂಡನ್ನು ಕೂಸು ಮಾಡುವ ಶಕ್ತಿ ಈ ಮನೆಯಲ್ಲಿ ಒಬ್ಬಳಿಗೇ ಇತ್ತು, ಅದನ್ನು ತಾನೇ ಒಲೆಗೆ ಹಾಕಿಸಿದೆ ಎನ್ನಿಸಿತು. ಐದು ಹೆತ್ತವಳು, ಗಲ್ಲಿಗೆಲ್ಲ ಬುದ್ಧಿ ಹೇಳುವವಳು, ಈ ಒಂದನ್ನು ವಾಪಸು ತರುವ ದಾರಿ ಅವಳಿಗೆ ತಿಳಿಯದು.

ಹತ್ತು ದಿನ ಹೀಗೆ ಹೋಯಿತು. ಬದ್ರಿಯಾ ಕೈಬಿಟ್ಟಳು. ಕುಟ್ಟಾಣಿಯನ್ನು ಮತ್ತೆ ಅಡಿಗೆಗೆ ಎಳೆದುಕೊಂಡಳು. ಆ ಮಧ್ಯಾಹ್ನ ಮೊಲೋಖಿಯಾ ಸೊಪ್ಪಿನ ಸಾರು ಒಲೆಯ ಮೇಲಿತ್ತು, ಒಗ್ಗರಣೆಗೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಜಜ್ಜಬೇಕು. ಅವಳು ನೆಲದ ಮೇಲೆ ಕಾಲು ಚಾಚಿ ಕೂತು ಎರಡು ಪೆಟ್ಟು ಹಾಕಿದ್ದಳಷ್ಟೇ, ಹಿಂದಿನಿಂದ ದಡದಡ ಹೆಜ್ಜೆ ಬಂತು, ಕೋಲು ಅವಳ ಕೈಯಿಂದ ಕಿತ್ತುಹೋಯಿತು, ಕೈಯ ಮೇಲೆ ಚಟೀರೆಂದು ಒಂದು ಪೆಟ್ಟು ಬಿತ್ತು.

"ಬಿಡೇ ಅದನ್ನ!"

ಬದ್ರಿಯಾ ಕೈ ಎತ್ತಿ ತಿರುಗಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಎದುರಿಗೆ ರಿತಾಜ್ ನಿಂತಿದ್ದಳು, ಬದ್ರಿಯಾಳ ಕರಿ ವಸ್ತ್ರ ಹೊದ್ದು, ಸೊಂಟದ ಮೇಲೆ ಕೈಯಿಟ್ಟು, ಗದ್ದ ಮುಂದೆ ಮಾಡಿ. ನಿಲುವು ಬದ್ರಿಯಾಳದೇ, ದನಿಯೂ ಅವಳದೇ.

"ದಿನ ತುಂಬೋ ಮುಂಚೆ ಯಾರಾದ್ರೂ ಕುಟ್ತಾರಾ? ಅಪಶಕುನ! ನೂನು ಉಳೀಬೇಕೋ ಬೇಡ್ವೋ ನಿಂಗೆ?"

ಮರೆತುಹೋಗಿದ್ದ ಆ ನಾಲ್ಕನೇ ದಿನ, ಒಂದು ಅಕ್ಷರವೂ ಆಚೀಚೆ ಆಗದೆ, ಅಡಿಗೆಮನೆಯಲ್ಲಿ ಬಂದು ನಿಂತಿತು. ಆಟ ವಾಪಸು ಬಂದಿದೆ, ಆದರೆ ಇದರಲ್ಲಿ ತಾನು ಅಜ್ಜಿಯಲ್ಲ, ನಾಲ್ಕೂವರೆ ವರ್ಷದ ಹುಡುಗಿ. ಅಷ್ಟು ಬದ್ರಿಯಾಗೆ ಗೊತ್ತಾಯಿತು. ಎತ್ತಿದ ಕೈಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡಳು.

"ಮೆಲ್ಲಗೆ ಕುಟ್ಟಿದೆ, ತೇತಾ," ಎಂದಳು ಸಣ್ಣ ದನಿಯಲ್ಲಿ.

"ಮೆಲ್ಲಗೆ ಅಂತೆ! ಈಗ ನೋಡು, ಹೋದ. ಹಕ್ಕಿ ಆಗಿ ಹಾರ್ಹೋದ. ಸದ್ದು ಮಾಡಿದ್ರೆ ಹಾರದೆ ಇರುತ್ತಾ? ನಿಂಗೆ ಗೊತ್ತಾಗಲ್ವಾ?"

ಅಯ್ಯೋ ದೇವರೇ! ಎರಡು ತಿಂಗಳಿಂದ ಈ ಎಳೆ ಜೀವ ಹೊತ್ತುಕೊಂಡು ತಿರುಗಿದ್ದು ಇದನ್ನು. ತಮ್ಮನನ್ನು ಕುಟ್ಟಾಣಿ ಬಡಿದು ಓಡಿಸಿದವಳು ತಾನು ಎಂದು. ಅದಕ್ಕೇ ಆಟದಲ್ಲಿ ಕೋಲನ್ನು ಸದ್ದಿಲ್ಲದೆ ಇಳಿಸುತ್ತಿದ್ದಳು. ಕೂಸು ಹಾರಿಹೋಗದಂತೆ ಆರನೇ ದಿನಕ್ಕೆ ಎತ್ತಿ ಎದೆಗೆ ಒತ್ತಿಕೊಂಡು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಅದನ್ನೂ ಕಸಿದುಕೊಂಡದ್ದಾಯಿತು.

ಬದ್ರಿಯಾ ತಡೆಯಲಾರದೆ ಅವಳ ಎರಡೂ ತೋಳು ಹಿಡಿದುಕೊಂಡಳು. "ರಿತಾಜ್, ಕೇಳಿಲ್ಲಿ ಕಂದಾ. ನೀನು ಕುಟ್ಟಿದ್ದಕ್ಕೆ ಅವನು ಹೋಗ್ಲಿಲ್ಲ. ಅವನ ಎದೇಲಿ ತೂತಿತ್ತು, ಹುಟ್ಟೋವಾಗ್ಲೇ ಇತ್ತು. ಡಾಕ್ಟ್ರು ಹೇಳಿದಾರೆ. ನಂದು ತಪ್ಪು ಮಾತು, ಹಾಳು ಬಾಯಿ ನಂದು..."

ಹುಡುಗಿಯ ಮುಖ ಕಣ್ಣೆದುರೇ ಮುಚ್ಚಿಕೊಂಡಿತು. ಸೊಂಟದ ಮೇಲಿದ್ದ ಕೈ ಕೆಳಗೆ ಬಿತ್ತು. ಕರಿ ವಸ್ತ್ರ ಜಾರಿ ನೆಲಕ್ಕೆ ಬಂತು. ಕಿವಿ ಮುಚ್ಚಿಕೊಂಡು ಅವಳು ಹೊರಗೆ ನಡೆದಳು. ಒಲೆಯ ಮೇಲೆ ಮೊಲೋಖಿಯಾ ಒಡೆದು ನೀರು ಬೇರೆ, ಸೊಪ್ಪು ಬೇರೆ ಆಗಿತ್ತು.

ಬದ್ರಿಯಾ ಒಳಕೋಣೆಗೆ ಹೋಗಿ ಸೊಸೆಗೆ ಎಲ್ಲ ಹೇಳಿದಳು. ವಫಾ ಗೋಡೆಯ ಕಡೆಯಿಂದ ತಿರುಗಿದಳು.

"ನಾನು ಬೇರೆ ಅಂದ್ಕೊಂಡಿದ್ದೆ, ಅಮ್ಮಾ," ಎಂದಳು. "ಎಂಟನೇ ತಿಂಗಳಲ್ಲಿ ಭಾರದ ಜಮಖಾನೆ ಎತ್ತಿದ್ದೆ. ನೀವು ಬೇಡ ಅಂದಿದ್ರಿ. ಅದ್ರಿಂದಾನೇ ಅಂದ್ಕೊಂಡು ಮಲಗಿದೀನಿ."

ಅವಳಿಗೂ ಡಾಕ್ಟರು ಹೇಳಿದ್ದು ಕೇಳಿಸಿತ್ತು. ಕೇಳಿಸಿದ್ದೆಲ್ಲ ಒಳಗೆ ಇಳಿಯುತ್ತದೆಯೇ? ಅತ್ತೆ ಸೊಸೆ ಇಬ್ಬರೂ ಮಂಚದ ಅಂಚಿನಲ್ಲಿ ಪಕ್ಕ ಪಕ್ಕ ಕೂತರು.

ಮರುದಿನ ಮಧ್ಯಾಹ್ನ ಬದ್ರಿಯಾ ಬೆಳ್ಳುಳ್ಳಿ ಬೇಕಿಲ್ಲದಿದ್ದರೂ ಕುಟ್ಟಾಣಿ ಹಿಡಿದು ಅದೇ ಜಾಗದಲ್ಲಿ ಕೂತಳು. ಕರಿ ವಸ್ತ್ರವನ್ನು ಹುಡುಗಿಯ ಕೈಗೆ ಎಟುಕುವಂತೆ ಕೆಳಗಿನ ಮೊಳೆಗೆ ತೂಗುಹಾಕಿದ್ದಳು. ಎರಡು ಪೆಟ್ಟು. ಕಾದಳು. ಮತ್ತೆ ಎರಡು ಪೆಟ್ಟು. ಹೆಜ್ಜೆ ಬಂತು. "ಬಿಡೇ ಅದನ್ನ!" ಕೈಗೆ ಪೆಟ್ಟು, ಅದೇ ಬೈಗುಳ, ಅದೇ ತೀರ್ಪು. ಈ ಸಲ ಬದ್ರಿಯಾ ನಾಲಗೆ ಕಚ್ಚಿಕೊಂಡಳು. "ತಪ್ಪಾಯ್ತು ತೇತಾ" ಎಂದಳಷ್ಟೇ. "ತಪ್ಪಾಯ್ತು ಅಂದ್ರೆ ಬರ್ತಾನಾ?" ಎಂದು ಪುಟ್ಟ ತೇತಾ ತಲೆ ಕೊಡವಿ ಹೋದಳು.

ಮೂರನೇ ದಿನವೂ ಹಾಗೆಯೇ, ನಾಲ್ಕನೇ ದಿನವೂ ಹಾಗೆಯೇ. ಗಲ್ಲಿಯಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಳ್ಳದ ಬದ್ರಿಯಾ ದಿನಕ್ಕೊಮ್ಮೆ ನೆಲದಲ್ಲಿ ಕೂತು ಕೊಲೆಗಾರ್ತಿಯಾದಳು. ತಾನು ಎಂಥ ಅಜ್ಜಿ ಎಂಬುದನ್ನು ದಿನಾ ಕಣ್ಣಾರೆ ನೋಡಿದಳು. ಆ ಗದ್ದ, ಆ ಬೆರಳು, ಆ ಬಾಯಿ! ಒಂದು ದಿನ ಉಪಾಯ ಮಾಡಿ, "ಈಗ ನಾನು ತೇತಾ ಆಗ್ಲಾ, ನೀನು ರಿತಾಜ್ ಆಗು" ಎಂದಳು. ತಾನು ತೇತಾ ಆದರೆ ಬೇರೆ ಮಾತು ಹೇಳಬಹುದಲ್ಲ ಎಂಬ ಆಸೆ. ಹುಡುಗಿ ಒಪ್ಪಲಿಲ್ಲ. "ಇನ್ನೂ ಮುಗಿದಿಲ್ಲ," ಎಂದಳು.

ಆಟದ ಹೊರಗೆ ಹುಡುಗಿ ಈಗ ನಾಲ್ಕು ಮಾತಾಡುತ್ತಿದ್ದಳು. ಚಪ್ಪಲಿ ಕೇಳುವಳು, ನೀರು ಕೇಳುವಳು. ಹಾಸಿಗೆ ಒಂದು ದಿನ ಒದ್ದೆ, ಒಂದು ದಿನ ಇಲ್ಲ. ಮಿಸ್ ಅವಾತಿಫ್ ದಾರಿಯಲ್ಲಿ ಸಿಕ್ಕಾಗ ಬದ್ರಿಯಾ, "ದಿನಾ ನಂಗೇ ಬೀಳುತ್ತಮ್ಮಾ ಏಟು" ಎಂದಳು. "ಬೀಳ್ಲಿ ಹಾಗ್ಗಾ," ಎಂದಳು ಅವಳು.

ಹನ್ನೊಂದನೇ ಮಧ್ಯಾಹ್ನ ಪೆಟ್ಟು ಬಿದ್ದಿತು, ಬೈಗುಳವೂ ಆಯಿತು. ಬಾಗಿಲ ಬಳಿ ವಫಾ ಬಂದು ನಿಂತಿದ್ದಳು, ಒಳಗೆ ಬರಲಿಲ್ಲ. ಬದ್ರಿಯಾಗೆ ಆ ದಿನ ಏನಾಯಿತೋ, "ತಪ್ಪಾಯ್ತು" ಎನ್ನಬೇಕಾದ ಕಡೆ ಮಾತು ಹೊರಡಲಿಲ್ಲ. ಮೂಗು ಸೋರಿ, ಅರವತ್ತಮೂರರ ಹೆಂಗಸು ಬೆಳ್ಳುಳ್ಳಿ ಸಿಪ್ಪೆಯ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಡುವುದನ್ನೂ ಮರೆತು ಅತ್ತಳು.

ಪುಟ್ಟ ತೇತಾ ನೋಡಿದಳು. ಇದು ಅವಳ ಆಟದಲ್ಲಿ ಇರಲಿಲ್ಲ. ಅವಳು ವಸ್ತ್ರ ಸರಿಮಾಡಿಕೊಂಡು ನೆಲದಲ್ಲಿ ಕೂತು, ಕಾಲು ಚಾಚಿ, ಅಜ್ಜಿಯ ದೊಡ್ಡ ತಲೆಯನ್ನು ಎರಡೂ ಕೈಯಿಂದ ಎಳೆದು ತನ್ನ ತೊಡೆಯ ಮೇಲೆ ಹಾಕಿಕೊಂಡಳು. ತಲೆ ಅರ್ಧ ತೊಡೆಯ ಮೇಲೆ, ಅರ್ಧ ನೆಲದ ಮೇಲೆ.

"ಅಳ್ಬೇಡ," ಎಂದಳು. "ನೀನು ಚಿಕ್ಕೋಳು. ನಿಂಗೆ ಗೊತ್ತಿರ್ಲಿಲ್ಲ."

ಆಮೇಲೆ, ಬಹಳ ಯೋಚಿಸಿ, "ನಂಗೂ ಗೊತ್ತಿರ್ಲಿಲ್ಲ," ಎಂದಳು.

ಹೇಳಿದ್ದು ಯಾರು, ಅಜ್ಜಿಯೋ ಮೊಮ್ಮಗಳೋ, ಬದ್ರಿಯಾಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಪುಟ್ಟ ಬೆರಳುಗಳು ಅವಳ ನೆರೆತ ಕೂದಲನ್ನು ಸಿಕ್ಕು ಬಿಡಿಸುವ ಹಾಗೆ ಎಳೆಯುತ್ತಿದ್ದವು, ನೋಯುತ್ತಿತ್ತು. ಸೊಂಟ ಹಿಡಿದುಕೊಂಡಿತ್ತು. ಅವಳು ಅಲ್ಲಾಡದೆ ಬಿದ್ದುಕೊಂಡಳು. ಬಾಗಿಲ ಬಳಿ ವಫಾ ಚೌಕಟ್ಟಿಗೆ ಒರಗಿ ಹಾಗೇ ಕೆಳಗೆ ಕುಸಿದು ಕೂತಳು.

"ನೂನುಗೆ ಇವತ್ತು ಎಷ್ಟನೇ ದಿನ, ತೇತಾ?" ಎಂದು ಬದ್ರಿಯಾ ಮೆಲ್ಲಗೆ ಕೇಳಿದಳು.

ರಿತಾಜ್ ಬೆರಳು ಮಡಿಸಿ ಎಣಿಸಿದಳು. ಒಂದು ಕೈ ಮುಗಿಯಿತು, ಇನ್ನೊಂದು ಕೈಯ ಹೆಬ್ಬೆರಳು ಮಡಿಸಿದಳು. ತೋರುಬೆರಳನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು, ಮಡಿಸಲಿಲ್ಲ.

"ಆರು," ಎಂದಳು.

"ಆರೇನಾ?"

"ಆರೇ. ನಾಳೆ ಕೇಳು."